ಬೆಳ್ಳಿ ನಾಣ್ಯ ತೊಳೆಯುವ ಮೊದಲು: ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂತು ಅಂದರೆ ಮನೆಯ ಬೆಳ್ಳಿಯೆಲ್ಲ ಹೊರಗೆ ಬರುತ್ತದೆ. ತಟ್ಟೆ, ಲೋಟ, ನೀಲಾಂಜನದ ಜೊತೆ ಹಳೆಯ ರೂಪಾಯಿಗಳೂ ಬರುತ್ತವೆ. ತಟ್ಟೆಗೆ ಹಾಕಿದ ಪುಡಿಯನ್ನೇ ನಾಣ್ಯಕ್ಕೂ ಹಾಕಿ ಉಜ್ಜಿಬಿಡುತ್ತಾರೆ. ನೂರು ವರ್ಷ ಉಳಿದುಬಂದ ಮೇಲ್ಮೈ ಐದು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅದಕ್ಕೇ ಈ ಪ್ರಶ್ನೋತ್ತರ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರು, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಹೆಚ್ಚಾಗಿ ಕೇಳುವುದನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ಅಜ್ಜಿಯ ಪೆಟ್ಟಿಗೆಯಲ್ಲಿ ರಾಣಿ ರೂಪಾಯಿ ಸಿಕ್ಕಿದೆ. ಪೂರ್ತಿ ಕಪ್ಪಾಗಿದೆ. ಮೊದಲು ಏನು ಮಾಡಲಿ?

ಏನೂ ಮಾಡಬೇಡಿ. ಬಟ್ಟೆಯಿಂದ ಒರೆಸುವುದೂ ಬೇಡ. ಕೈ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿಕೊಂಡು, ನಾಣ್ಯದ ಅಂಚನ್ನು ಎರಡು ಬೆರಳಲ್ಲಿ ಹಿಡಿಯಿರಿ. ಮುಖದ ಮೇಲೆ ಬೆರಳು ತಾಗಬಾರದು. ಕೆಳಗೆ ದಪ್ಪ ಬಟ್ಟೆ ಹಾಸಿರಲಿ. ಕೈ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಅಂಚು ನಗ್ಗುತ್ತದೆ.

ಆಮೇಲೆ ಅದು ಯಾವ ನಾಣ್ಯ ಅಂತ ನೋಡಿ. 1862ರಿಂದ 1876ರವರೆಗಿನ ರೂಪಾಯಿಯಲ್ಲಿ ವಿಕ್ಟೋರಿಯಾ ಹೆಸರಿನ ಜೊತೆ ‘ಕ್ವೀನ್’ ಎಂದಿದೆ, 1877ರ ನಂತರ ‘ಎಂಪ್ರೆಸ್’. 1903ರಿಂದ 1910ರವರೆಗಿನದರಲ್ಲಿ ಕಿರೀಟವಿಲ್ಲದ ಏಳನೇ ಎಡ್ವರ್ಡ್. 1911ರಿಂದ ಐದನೇ ಜಾರ್ಜ್. 1939ರವರೆಗಿನ ರೂಪಾಯಿ 11.66 ಗ್ರಾಂ ತೂಕ, ಸುಮಾರು 91.7 ಶೇಕಡಾ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 40 ಶೇಕಡಾ ತಾಮ್ರ ಸೇರಿತು, ಉಳಿದದ್ದು ನಿಕಲ್ ಮತ್ತು ಸತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕಲ್. ಈ ಲೆಕ್ಕ ಗೊತ್ತಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸುಲಭ.

ಬೆಳ್ಳಿ ಯಾಕೆ ಕಪ್ಪಾಗುತ್ತದೆ? ನಮ್ಮ ಕರಾವಳಿಯಲ್ಲೇ ಜಾಸ್ತಿ ಯಾಕೆ?

ತುಂಬಾ ಜನ ಉಪ್ಪು ಗಾಳಿ ಅಂದುಕೊಂಡಿದ್ದಾರೆ. ಉಪ್ಪಿನ ಪಾಲು ಇದೆ, ಆದರೆ ಮುಖ್ಯ ಕಾರಣ ಗಂಧಕ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್‌ನಂಥ ಅನಿಲಗಳು ಬೆಳ್ಳಿಯ ಜೊತೆ ಸೇರಿ ಬೆಳ್ಳಿ ಸಲ್ಫೈಡ್ ಆಗುತ್ತದೆ. ಆ ಕಪ್ಪು ಪೊರೆ ಅದೇ. ಗಾಳಿಯಲ್ಲಿ ತೇವ ಇದ್ದಷ್ಟೂ ಈ ಕೆಲಸ ಬೇಗ ನಡೆಯುತ್ತದೆ.

ಈಗ ನಮ್ಮ ಊರುಗಳನ್ನು ನೋಡಿ. ಕಾಳಿ ನದಿಯ ಅಳಿವೆ, ಕುಮಟಾ ಹತ್ತಿರದ ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು, ಕಾಂಡ್ಲಾ ಗಿಡಗಳ ಕೆಸರು. ಇಳಿತದ ಹೊತ್ತಿಗೆ ಅಲ್ಲಿ ನಿಂತರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅಲ್ವಾ? ಅದೇ ಹೈಡ್ರೋಜನ್ ಸಲ್ಫೈಡ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಷ್ಟು ತೇವ. ಎರಡೂ ಸೇರಿದ ಮೇಲೆ ಬೆಳ್ಳಿ ಬಿಳಿಯಾಗಿ ಉಳಿಯುವುದು ಹೇಗೆ?

ಘಟ್ಟದ ಮೇಲೆ ಸಮುದ್ರವಿಲ್ಲ, ಆದರೆ ಹೊಗೆ ಇದೆ. ಶಿರಸಿ ಕಡೆಯ ಹಳೆಯ ಮನೆಗಳಲ್ಲಿ ಪೆಟ್ಟಿಗೆ ಇಡುವ ಜಾಗವೇ ಅಡುಗೆಮನೆಯ ಮೇಲಿನ ಅಟ್ಟ. ಒಲೆಯ ಹೊಗೆ, ಬಚ್ಚಲೊಲೆಯ ಹೊಗೆ ಎಲ್ಲ ಅಲ್ಲೇ ಏರುತ್ತದೆ. ತೋಟಕ್ಕೆ ಅಂತ ತಂದ ಗಂಧಕದ ಪುಡಿಯನ್ನು ಅದೇ ಕೋಣೆಯಲ್ಲಿ ಇಟ್ಟಿದ್ದರೆ ಇನ್ನೂ ಕೆಟ್ಟದ್ದು. ಇವುಗಳ ಜೊತೆ ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಹಳೆಯ ನ್ಯೂಸ್ ಪೇಪರ್, ಬೆಂಕಿಪೊಟ್ಟಣ, ಪಟಾಕಿ, ಇವೆಲ್ಲ ಬೆಳ್ಳಿಗೆ ಆಗದವು. ನಾಣ್ಯಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರೆ ರಬ್ಬರ್ ತಾಗಿದ ಕಡೆ ಕಪ್ಪು ಗೆರೆಯೇ ಮೂಡಿಬಿಡುತ್ತದೆ.

ಇನ್ನು ಉಪ್ಪು. ಅದರ ಕ್ಲೋರೈಡ್ ಬೆಳ್ಳಿಯ ಮೇಲೆ ಬೂದು ಬಣ್ಣದ ಮಂಕು ಪದರ ಮಾಡುತ್ತದೆ. ಬೆಳಕು ಬಿದ್ದಂತೆ ಅದು ನೇರಳೆ ಮಿಶ್ರಿತ ಬೂದಿಗೆ ತಿರುಗುತ್ತದೆ. ಅದಕ್ಕೆ ಸಲ್ಫೈಡ್‌ನ ಬಣ್ಣಗಳ ಅಂದ ಇರುವುದಿಲ್ಲ.

ಟೋನಿಂಗ್ ಅಂದರೆ ಇದೇ ಕಪ್ಪಾ? ಕೆಲವು ನಾಣ್ಯದಲ್ಲಿ ನೀಲಿ, ಕೆಂಪು ಬಣ್ಣ ಯಾಕೆ?

ಎರಡೂ ಒಂದೇ ಪೊರೆ, ದಪ್ಪ ಮಾತ್ರ ಬೇರೆ. ಮಳೆ ಬಿದ್ದ ರಸ್ತೆಯಲ್ಲಿ ಪೆಟ್ರೋಲ್ ಚೆಲ್ಲಿದಾಗ ಕಾಣುವ ಬಣ್ಣಗಳ ಹಾಗೆಯೇ ಇದೂ. ಪೊರೆಯ ಮೇಲಿನಿಂದ ಮರಳಿದ ಬೆಳಕು, ಅದರ ಕೆಳಗಿನ ಬೆಳ್ಳಿಯಿಂದ ಮರಳಿದ ಬೆಳಕು, ಎರಡೂ ಕೂಡಿದಾಗ ಕೆಲವು ಬಣ್ಣ ಅಳಿಸಿಹೋಗಿ ಕೆಲವು ಉಳಿಯುತ್ತವೆ. ಪೊರೆ ತೀರಾ ತೆಳುವಿದ್ದಾಗ ತಿಳಿ ಹೊಂಬಣ್ಣ. ದಪ್ಪವಾದಂತೆ ಕಂದು ಹಳದಿ, ಆಮೇಲೆ ಕೆಂಪು ನೇರಳೆ, ಆಮೇಲೆ ನೀಲಿ. ಕೊನೆಗೆ ಬೂದು, ಕಪ್ಪು. ಈ ಕ್ರಮವನ್ನು ನೆನಪಿಡಿ. ನಕಲಿ ಬಣ್ಣ ಗುರುತಿಸಲು ಬೇಕಾಗುತ್ತದೆ.

ನಿಧಾನವಾಗಿ, ಸಮವಾಗಿ ಏರಿದ ಪೊರೆ ಕೆಳಗಿನ ಬೆಳ್ಳಿಯನ್ನು ಒಂದು ಮಟ್ಟಿಗೆ ಕಾಯುತ್ತದೆ. ಬಲ್ಲವರು ಅಂಥ ನಾಣ್ಯಕ್ಕೆ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಅಂಚಿನಲ್ಲಿ ನೀಲಿ, ಒಳಗೆ ಹೊನ್ನಿನ ಬಣ್ಣ ಹರಡಿದ ಎಡ್ವರ್ಡ್ ರೂಪಾಯಿಗಿಂತ ಚೆಂದದ ವಸ್ತು ಸಂಗ್ರಹದಲ್ಲಿ ಕಡಿಮೆ.

ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ತೊಳೆದರೆ ಏನಾಗುತ್ತದೆ? ಮನೆಯ ಬೆಳ್ಳಿಗೆ ಅದನ್ನೇ ಹಾಕುತ್ತೇವಲ್ಲ?

ದೀಪಕ್ಕೆ, ತಟ್ಟೆಗೆ ಹಾಕಿ, ತೊಂದರೆ ಇಲ್ಲ. ಸಂಗ್ರಹದ ನಾಣ್ಯಕ್ಕೆ ಬೇಡ. ಹುಣಸೆ, ಲಿಂಬೆ, ಮುರುಗಲು, ವಾಟೆಹುಳಿ ಯಾವುದೇ ಇರಲಿ, ಹುಳಿಯಲ್ಲಿ ಆಮ್ಲವಿದೆ. ಅದು ಮಿಶ್ರಲೋಹದ ತಾಮ್ರವನ್ನು ಮೊದಲು ತಿನ್ನುತ್ತದೆ. ವಿಭೂತಿ, ಬೂದಿ, ಟೂತ್‌ಪೇಸ್ಟ್‌ಗಳಲ್ಲಿರುವ ಸಣ್ಣ ಕಣಗಳು ಉಜ್ಜಿ ಉಜ್ಜಿ ಲೋಹವನ್ನೇ ಕೆರೆಯುತ್ತವೆ.

ಒಂದು ಪರೀಕ್ಷೆ ಮಾಡಿ ನೋಡಿ. ಹೊಸದಾಗಿದ್ದಾಗಿನ ಮಿಂಚು ಉಳಿದಿರುವ ರೂಪಾಯಿಯನ್ನು ಒಂದೇ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಿ. ಬೆಳಕಿನ ಒಂದು ಪಟ್ಟಿ ನಾಣ್ಯದ ಸುತ್ತ ತಿರುಗುತ್ತದೆ. ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿಗೆ ಹರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಬಿಟ್ಟಿರುತ್ತದೆ. ಈ ಮಿಂಚು ಆ ಗೆರೆಗಳದ್ದು. ಈಗ ಪುಡಿ ಹಾಕಿ ಉಜ್ಜಿದ ರೂಪಾಯಿಯನ್ನು ಅದೇ ಬೆಳಕಿಗೆ ಹಿಡಿಯಿರಿ. ಪಟ್ಟಿ ತಿರುಗುವುದಿಲ್ಲ. ಮುಖದ ತುಂಬ ಕೂದಲೆಳೆಯಂಥ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ, ಅಥವಾ ಬೆರಳು ಸುತ್ತಿದ ಹಾಗೆ ವೃತ್ತಾಕಾರವಾಗಿ. ಬಿಳಿ ಇದೆ, ಜೀವ ಇಲ್ಲ.

ಸಣ್ಣ ಗುರುತುಗಳೂ ಹೋಗುತ್ತವೆ. 1862ರ ರೂಪಾಯಿಯ ಮಾತು ಕೇಳಿ. ಬಾಂಬೆ ಟಂಕಸಾಲೆ ಮುಂದೆ ಹಲವು ವರ್ಷ 1862 ಎಂದೇ ಅಚ್ಚು ಹಾಕುತ್ತಿತ್ತು. ಯಾವ ವರ್ಷದ್ದು ಅಂತ ಹೇಳುವುದು ತಾರೀಖಿನ ಹತ್ತಿರದ ಪುಟ್ಟ ಚುಕ್ಕಿಗಳ ಲೆಕ್ಕ. 1911ರ ರೂಪಾಯಿಯಲ್ಲಿ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಸೊಂಡಿಲು ಗಿಡ್ಡವಾಗಿ ಅದು ಹಂದಿಯಂತೆ ಕಂಡಿತು. ಜನ ಆಕ್ಷೇಪಿಸಿದರು, ಮುಂದಿನ ವರ್ಷ ಆನೆಯನ್ನು ತಿದ್ದಿದರು. ಆ 1911ರ ನಾಣ್ಯವನ್ನು ಎಲ್ಲರೂ ಹುಡುಕುತ್ತಾರೆ. ಈಗ ಅದರ ಆನೆಯ ಮೇಲೆಯೇ ನಾಲ್ಕು ಸಲ ಪೇಸ್ಟ್ ಉಜ್ಜಿದರೆ ಸಂಗ್ರಹಕಾರ ನೋಡುವುದೇನನ್ನು?

1940ರ ನಂತರದ ರೂಪಾಯಿಗೆ ಇನ್ನೊಂದು ಅಪಾಯ. ಬೆಳ್ಳಿ ಅರ್ಧವೇ ಇದ್ದರೂ ಹೊಸದರಲ್ಲಿ ಅದು ಬಿಳಿಯಾಗಿ ಕಾಣುತ್ತಿತ್ತು. ಅಚ್ಚು ಹಾಕದ ಬಿಲ್ಲೆಗಳನ್ನು ಆಮ್ಲದಲ್ಲಿ ಹಾಕಿ ಮೇಲಿನ ತಾಮ್ರ ತೆಗೆದಾಗ ಮೇಲ್ಗಡೆ ಬೆಳ್ಳಿಯ ತೆಳು ಪದರ ಉಳಿಯುತ್ತದೆ. ಉಜ್ಜಿದರೆ ಆ ಪದರ ಸವೆದು ಒಳಗಿನ ಹಳದಿ ಛಾಯೆ ಹೊರಬರುತ್ತದೆ.

ಅಲ್ಯುಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು? ವಿಡಿಯೋದಲ್ಲಿ ಚೆನ್ನಾಗಿ ತೋರಿಸುತ್ತಾರೆ.

ಚೆನ್ನಾಗಿಯೇ ಕಾಣುತ್ತದೆ, ವಿಡಿಯೋದಲ್ಲಿ. ಗಂಧಕ ಬಿಟ್ಟುಹೋಗುತ್ತದೆ, ಕೆಟ್ಟ ವಾಸನೆ ಬರುತ್ತದೆ, ಸಲ್ಫೈಡ್‌ನಲ್ಲಿದ್ದ ಬೆಳ್ಳಿ ಮತ್ತೆ ಬೆಳ್ಳಿಯಾಗುತ್ತದೆ. ಆದರೆ ಅದು ಮೊದಲಿನ ಜಾಗಕ್ಕೆ ಮೊದಲಿನಂತೆ ಹೋಗಿ ಕೂರುವುದಿಲ್ಲ. ಸೂಕ್ಷ್ಮ ರಂಧ್ರಗಳಿರುವ ಮಂಕು ಪದರವಾಗುತ್ತದೆ. ಸುಣ್ಣ ಬಳಿದಂಥ ಬಿಳುಪು ಬರುತ್ತದೆ, ಆ ಮೇಲ್ಮೈ ಮತ್ತೆ ಬೇಗ ಕಪ್ಪಾಗುತ್ತದೆ. ಗೆಜ್ಜೆಗೆ, ಕಾಲುಂಗುರಕ್ಕೆ ಮಾಡಿಕೊಳ್ಳಿ.

ಅಂಗಡಿಯಲ್ಲಿ ಸಿಗುವ ಸಿಲ್ವರ್ ಡಿಪ್?

ಬೆಳ್ಳಿಯನ್ನು ಅದ್ದಿ ತೆಗೆಯುವ ಆ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಥಯೋಯೂರಿಯಾ ಎಂಬ ರಾಸಾಯನಿಕ ಮತ್ತು ಆಮ್ಲ. ಅದು ಕಪ್ಪು ಪೊರೆಯನ್ನು ಕರಗಿಸುತ್ತದೆ. ಆ ಪೊರೆಯಲ್ಲಿರುವುದು ನಿಮ್ಮದೇ ನಾಣ್ಯದ ಬೆಳ್ಳಿ ಅನ್ನುವುದನ್ನು ಮರೆಯಬೇಡಿ. ಒಂದೊಂದು ಸಲ ಅದ್ದಿದಾಗಲೂ ಆ ಸಣ್ಣ ಗೆರೆಗಳು ಸವೆಯುತ್ತವೆ, ಮಿಂಚು ಇಳಿಯುತ್ತದೆ. ಸರಿಯಾಗಿ ತೊಳೆಯದಿದ್ದರೆ ಉಳಿದ ದ್ರವ ತಿಂಗಳುಗಳ ನಂತರ ಕಂದು ಕಲೆಯಾಗಿ ಏಳುತ್ತದೆ. ಬಳಸಿ ಸವೆದ ನಾಣ್ಯಕ್ಕಂತೂ ಬೇಡವೇ ಬೇಡ. ಮಿಂಚು ಮೊದಲೇ ಇಲ್ಲದ ಮೇಲೆ ಸಿಗುವುದು ಬೋಳು ಬಿಳಿ ಮಾತ್ರ. ಅನುಭವಿ ವ್ಯಾಪಾರಿಗಳು ಕೆಲವೊಮ್ಮೆ ಹೊಸ ಸ್ಥಿತಿಯ ನಾಣ್ಯವನ್ನು ಕೆಲವೇ ಸೆಕೆಂಡು ಅದ್ದಿ ತೆಗೆಯುತ್ತಾರೆ, ನಿಜ. ಅದನ್ನು ಮನೆಯಲ್ಲಿ, ಒಂದೇ ಒಂದು ಒಳ್ಳೆಯ ನಾಣ್ಯದ ಮೇಲೆ ಕಲಿಯಲು ಹೋಗಬೇಡಿ.

ಸೋನಗಾರರ ಹತ್ತಿರ ಕೊಟ್ಟು ಒಪ್ಪ ಹಾಕಿಸಬಹುದಾ?

ಬೇಡ. ಅವರ ಕೆಲಸ ಆಭರಣ ಹೊಳೆಯಿಸುವುದು, ಅದರಲ್ಲಿ ಅವರು ಗಟ್ಟಿಗರು. ಬಫ್ ಚಕ್ರಕ್ಕೆ ಹಿಡಿದ ನಾಣ್ಯದಲ್ಲಿ ಅಕ್ಷರದ ಅಂಚುಗಳು ದುಂಡಾಗುತ್ತವೆ. ಆಮೇಲೆ ಅದಕ್ಕೆ ಬೆಳ್ಳಿಯ ತೂಕದ ಬೆಲೆಯ ಆಚೆ ಹೆಚ್ಚೇನೂ ಉಳಿಯುವುದಿಲ್ಲ.

ಹಾಗಾದರೆ ಏನೂ ಮಾಡುವಂತೆಯೇ ಇಲ್ವಾ?

ಇದೆ. ಕೊಳೆ ಬೇರೆ, ಟೋನಿಂಗ್ ಬೇರೆ. ಮೇಲೆ ಕೂತ ಎಣ್ಣೆ, ಅಂಟು, ಮಸಿ ತೆಗೆಯಬಹುದು. ಲೋಹವೇ ಬದಲಾಗಿ ಆದ ಬಣ್ಣವನ್ನು ಮುಟ್ಟಬಾರದು.

ಇದಕ್ಕೆ ಎರಡೇ ದ್ರವ ಸಾಕು: ಶುದ್ಧ ಅಸಿಟೋನ್ ಮತ್ತು ಡಿಸ್ಟಿಲ್ಡ್ ವಾಟರ್. ಅಸಿಟೋನ್ ಎಣ್ಣೆ, ಅಂಟುಗಳನ್ನು ಕರಗಿಸುತ್ತದೆ, ಬೆಳ್ಳಿಯನ್ನೂ ಟೋನಿಂಗನ್ನೂ ಮುಟ್ಟುವುದಿಲ್ಲ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಬಣ್ಣ, ಸುಗಂಧ, ಎಣ್ಣೆ ಸೇರಿರುತ್ತವೆ. ಪೇಂಟ್ ಥಿನ್ನರ್ ಕೂಡ ಬೇಡ.

ಕಿಟಕಿ ತೆರೆಯಿರಿ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಯಾವುದೂ ಹತ್ತಿರ ಉರಿಯುತ್ತಿರಬಾರದು, ಅಸಿಟೋನ್ ಆವಿಗೆ ಬೆಂಕಿ ತಾಗಲು ಕ್ಷಣ ಸಾಕು. ಗಾಜಿನ ಬಟ್ಟಲೇ ಆಗಬೇಕು, ಕೆಲವು ಪ್ಲಾಸ್ಟಿಕ್ ಕರಗಿಬಿಡುತ್ತವೆ. ನಾಣ್ಯ ಮುಳುಗುವಷ್ಟು ಸುರಿದು, ಮೇಲೆ ಗಾಜಿನ ತಟ್ಟೆ ಮುಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ. ಮಧ್ಯೆ ಒಮ್ಮೆ ಮಗುಚಿ. ಉಜ್ಜುವುದು, ಬ್ರಷ್ ಹಾಕುವುದು ಇಲ್ಲ. ಅಂಚು ಹಿಡಿದು ಎತ್ತಿ, ಇನ್ನೊಂದು ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಮತ್ತೆ ಅದ್ದಿ ತೆಗೆಯಿರಿ. ಮೊದಲಿನದರಲ್ಲಿ ಕರಗಿದ ಕೊಳೆ ಹಾಗೇ ನಾಣ್ಯದ ಮೇಲೆ ಒಣಗಿ ಕೂರಬಾರದು, ಅದಕ್ಕೇ ಈ ಎರಡನೆಯ ಬಟ್ಟಲು. ಅದು ತಾನಾಗಿ ಆರುತ್ತದೆ, ಒರೆಸಬೇಕಾಗಿಲ್ಲ.

ಮಣ್ಣು, ಉಪ್ಪು ಇದ್ದರೆ ಅಸಿಟೋನ್‌ಗೆ ಅದು ಕರಗುವುದಿಲ್ಲ. ಆಗ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಇರಿ. ಬ್ಯಾಟರಿಗೆ ಹಾಕುವ ನೀರು ಆಗುತ್ತದೆ, ಆದರೆ ಬಾಟಲಿಯ ಮೇಲೆ ಆಸಿಡ್ ಅಲ್ಲ, ನೀರು ಎಂದೇ ಬರೆದಿದೆಯಾ ನೋಡಿಕೊಳ್ಳಿ. ಬಾವಿ ನೀರು, ನಲ್ಲಿ ನೀರು ಬೇಡ. ಸಮುದ್ರದ ಹತ್ತಿರದ ಬಾವಿಯಲ್ಲಿ ಉಪ್ಪಿನಂಶ, ನಲ್ಲಿಯಲ್ಲಿ ಕ್ಲೋರಿನ್, ಎರಡೂ ಬೆಳ್ಳಿಗೆ ಒಳ್ಳೆಯದಲ್ಲ. ಕೊನೆಗೆ ಒಮ್ಮೆ ಅಸಿಟೋನ್‌ನಲ್ಲಿ ಅದ್ದಿದರೆ ಉಳಿದ ನೀರೂ ಹೋಗುತ್ತದೆ. ನಮ್ಮ ಆಷಾಢದ ಹವೆಯಲ್ಲಿ ಈ ಕೊನೆಯ ಹೆಜ್ಜೆ ಬಿಡಬೇಡಿ.

ಆಲ್ಬಮ್‌ನಲ್ಲಿಟ್ಟ ನಾಣ್ಯದ ಮೇಲೆ ಹಸಿರು ಜಿಗುಟು ಬಂದಿದೆ.

ಅದು ಪಿವಿಸಿ ಎಂಬ ಪ್ಲಾಸ್ಟಿಕ್‌ನ ಕೆಲಸ. ಮೆತ್ತಗಿನ, ವಾಸನೆ ಬರುವ ಪ್ಲಾಸ್ಟಿಕ್ ಜೇಬುಗಳು ಸೆಕೆಗೆ ಎಣ್ಣೆಯಂಥ ದ್ರವ ಬಿಡುತ್ತವೆ. ಅದರ ಜೊತೆಗಿನ ಆಮ್ಲ ನಾಣ್ಯದ ತಾಮ್ರವನ್ನು ತಿಂದು ಹಸಿರಾಗುತ್ತದೆ. ತಡಮಾಡದೆ ಮೇಲೆ ಹೇಳಿದಂತೆ ಅಸಿಟೋನ್‌ನಲ್ಲಿ ಹಾಕಿ, ಆ ಆಲ್ಬಮ್ ಬಿಸಾಡಿ. ಅದೇ ಆಲ್ಬಮ್‌ನ ಉಳಿದ ನಾಣ್ಯಗಳು ಚೆನ್ನಾಗಿ ಕಂಡರೂ ಅವನ್ನೂ ಅದ್ದಿ. ಪೊರೆ ಕಣ್ಣಿಗೆ ಕಾಣುವ ಮೊದಲೇ ಕೂತಿರುತ್ತದೆ.

ಗಟ್ಟಿಯಾಗಿ ಕಚ್ಚಿಕೊಂಡ ಹಸಿರು ಚುಕ್ಕೆಯಾದರೆ ಅದು ತಾಮ್ರದ ಕಿಲುಬು. ಅರ್ಧ ಬೆಳ್ಳಿಯ ರೂಪಾಯಿಗಳಲ್ಲಿ ಇದು ಜಾಸ್ತಿ. ಕೆರೆದರೆ ಕೆಳಗೆ ಗುಂಡಿ ಕಾಣುತ್ತದೆ. ಒಣಗಿಸಿ ಇಡುವುದೇ ಮದ್ದು, ತೇವ ಇಲ್ಲದಿದ್ದರೆ ಅದು ಹರಡುವುದಿಲ್ಲ.

ಲಕ್ಷ್ಮೀಪೂಜೆಗೆ ಹಳೆಯ ರೂಪಾಯಿ ಇಡುವುದು ನಮ್ಮ ಮನೆಯ ಪದ್ಧತಿ. ಅರಿಶಿನ, ಕುಂಕುಮ, ಪಂಚಾಮೃತ ಎಲ್ಲ ಆಗಬೇಕು.

ಪದ್ಧತಿ ಬಿಡಿ ಅಂತ ನಾನು ಹೇಳುವುದಿಲ್ಲ. ಪೂಜೆಗೆ ಅಂತ ಒಂದೆರಡು ಸವೆದ ರೂಪಾಯಿಗಳನ್ನು ಬೇರೆಯೇ ಇಟ್ಟುಕೊಳ್ಳಿ. ಅವು ಪ್ರತಿವರ್ಷ ದೇವರ ಮುಂದೆ ಕೂರಲಿ. ಕುಂಕುಮ ಅಕ್ಷರಗಳ ಸಂದಿಯಲ್ಲಿ ಸೇರಿದರೆ ತೆಗೆಯುವುದು ಕಷ್ಟ. ಪಂಚಾಮೃತದಲ್ಲಿ ಮೊಸರಿನ ಹುಳಿ, ಜೇನು, ಸಕ್ಕರೆ ಎಲ್ಲ ಇದೆ. ಮನೆಯ ಒಳ್ಳೆಯ ನಾಣ್ಯವನ್ನೂ ಇಡಲೇಬೇಕು ಅನಿಸಿದರೆ ಕ್ಯಾಪ್ಸೂಲ್, ಅಂದರೆ ನಾಣ್ಯ ಇಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿ, ಕುಂಕುಮವನ್ನು ಕ್ಯಾಪ್ಸೂಲ್ ಮೇಲೆ ಹಚ್ಚಿ. ಅಂಗಡಿಯಲ್ಲಿ ಕೊಂಡ ಲಕ್ಷ್ಮಿ ಚಿತ್ರದ ಬೆಳ್ಳಿ ಬಿಲ್ಲೆಗೆ ಈ ನಿಯಮ ಯಾವುದೂ ಬೇಡ, ಅದನ್ನು ಧಾರಾಳವಾಗಿ ತೊಳೆಯಿರಿ.

ಆನ್‌ಲೈನ್‌ನಲ್ಲಿ ಕಾಮನಬಿಲ್ಲಿನ ಬಣ್ಣದ ರೂಪಾಯಿ ಮಾರುತ್ತಾರೆ. ನಂಬಬಹುದಾ?

ಅನುಮಾನದಿಂದಲೇ ನೋಡಿ. ಗಂಧಕದ ದ್ರಾವಣ, ಬೇಯಿಸಿದ ಮೊಟ್ಟೆ, ಬಿಸಿ, ಇವುಗಳಿಂದ ಒಂದೇ ದಿನದಲ್ಲಿ ಬಣ್ಣ ಬರಿಸುತ್ತಾರೆ. ಸಹಜ ಬಣ್ಣ ಸಾಮಾನ್ಯವಾಗಿ ಅಂಚಿನಿಂದ ಒಳಗೆ ಬರುತ್ತದೆ, ಒಳಗಿನ ಹೊನ್ನಿನಿಂದ ಕೆಂಪಿಗೆ, ಕೆಂಪಿನಿಂದ ಅಂಚಿನ ನೀಲಿಗೆ ಕ್ರಮವಾಗಿ ಸರಿಯುತ್ತದೆ. ಹಾಕಿದ ಬಣ್ಣದಲ್ಲಿ ಆ ಕ್ರಮ ತಪ್ಪಿರುತ್ತದೆ. ಹಳದಿಯೇ ಇಲ್ಲದೆ ಗಾಢ ನೀಲಿ, ನೇರಳೆ ಒಮ್ಮೆಲೇ ಕಾಣುತ್ತದೆ. ಮುಖ್ಯ ಗುರುತು ಇನ್ನೊಂದು: ಗೀರಿನ ಒಳಗೂ ಅಷ್ಟೇ ಹೊಳಪಿನ ಬಣ್ಣ ಇದ್ದರೆ, ಉಜ್ಜಿ ತೊಳೆದ ಮೇಲೆ ಬಣ್ಣ ಕಟ್ಟಿದ್ದಾರೆ ಅಂತ ಅರ್ಥ. ಬಣ್ಣದ ಕೆಳಗೆ ಮಿಂಚಿನ ಪಟ್ಟಿ ತಿರುಗುತ್ತದೆಯಾ ಅಂತಲೂ ನೋಡಿ. ಫೋಟೋದಲ್ಲಿ ಇದು ತಿಳಿಯದು, ವಿಡಿಯೋ ಕೇಳಿ.

ಈಗಾಗಲೇ ತೊಳೆದಾಗಿದೆ. ಸರಿ ಮಾಡಬಹುದಾ?

ಗೀರು ಹೋಗುವುದಿಲ್ಲ. ಇನ್ನೇನನ್ನೂ ಹಚ್ಚದೆ, ಒಣ ಜಾಗದಲ್ಲಿ ಕಾಗದದ ಲಕೋಟೆಯೊಳಗೆ ಬಿಟ್ಟರೆ ವರ್ಷಗಳಲ್ಲಿ ಮತ್ತೆ ತೆಳು ಬಣ್ಣ ಏರಿ ಕಣ್ಣಿಗೆ ಹಿತವಾಗುತ್ತದೆ. ಎನ್‌ಜಿಸಿ, ಪಿಸಿಜಿಎಸ್‌ನಂಥ ದರ್ಜೆ ಕೊಡುವ ಸಂಸ್ಥೆಗಳು ತೊಳೆದದ್ದು ಗೊತ್ತಾದರೆ ದರ್ಜೆಯ ಅಂಕಿ ಕೊಡದೆ, ತೊಳೆದದ್ದು ಎಂದು ಬರೆದು ಕಳಿಸುತ್ತವೆ. ಮಾರುವಾಗ ನೀವೂ ತೊಳೆದದ್ದು ಎಂದೇ ಹೇಳಿ ಮಾರಿ.

ಗೋವಾದ ಪೋರ್ಚುಗೀಸ್ ರೂಪಿಯಾಗೂ ಇದೇ ನಿಯಮವಾ?

ಹೌದು. ಕಾಳಿ ಸೇತುವೆ ದಾಟಿ ಸದಾಶಿವಗಡದ ಆಚೆ ಹೋದರೆ ಗೋವಾ ಗಡಿ ಹತ್ತಿರ, ಹಾಗಾಗಿ ಕಾರವಾರದ ಮನೆಗಳಲ್ಲಿ ಇವು ಕಂಡರೆ ಆಶ್ಚರ್ಯವಿಲ್ಲ. 1881, 1882ರ ಲೂಯಿಸ್ ದೊರೆಯ ರೂಪಿಯಾ ಬ್ರಿಟಿಷ್ ರೂಪಾಯಿಯ ತೂಕ, ಅದೇ ಬೆಳ್ಳಿಯ ಪ್ರಮಾಣ. ಹಾಗಾಗಿ ಬಣ್ಣ ಏರುವ ರೀತಿಯೂ ಒಂದೇ.

ಮಳೆಗಾಲದಲ್ಲಿ ಇಡುವುದು ಹೇಗೆ?

ನಮ್ಮ ಊರಿನವರು ತಲೆ ಕೆಡಿಸಿಕೊಳ್ಳಬೇಕಾದದ್ದು ನಿಜವಾಗಿ ಇದಕ್ಕೆ. ತೊಳೆಯುವುದಕ್ಕಲ್ಲ.

ಒಂದೊಂದು ನಾಣ್ಯಕ್ಕೂ ಬೇರೆ ಮನೆ ಕೊಡಿ. ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾಪ್ಸೂಲ್ ಒಳ್ಳೆಯದು. ಅದು ದುಬಾರಿ ಅನಿಸಿದರೆ ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಹೋಲ್ಡರ್. ಅದರ ಸ್ಟೇಪಲ್ ಪಿನ್‌ಗಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರುತ್ತವೆ. ನಮ್ಮ ಹವೆಗೆ ಪಿನ್ ತುಕ್ಕೂ ಹಿಡಿಯುತ್ತದೆ, ಆಗಾಗ ನೋಡಿ.

ಇವನ್ನೆಲ್ಲ ರಬ್ಬರ್ ಇಲ್ಲದ, ಅಥವಾ ಸಿಲಿಕೋನ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿಟ್ಟು ತೇವ ಹೀರುವ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಿಸುವ ಜೆಲ್ ತನ್ನಿ. ಕಿತ್ತಳೆ ಬಣ್ಣದ್ದು ಹಸಿರಾದಾಗ ತೇವ ತುಂಬಿತು ಅಂತ ಅರ್ಥ. ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಜುಲೈನಲ್ಲಿ ಇದನ್ನು ಬೇಗ ಬೇಗ ಬದಲಿಸಬೇಕಾಗುತ್ತದೆ. ಜೆಲ್ ಇಲ್ಲದೆ ಡಬ್ಬಿ ಮಾತ್ರ ಬಿಗಿಯಾಗಿ ಮುಚ್ಚಿದರೆ ಮಳೆಗಾಲದ ತೇವವನ್ನೇ ಒಳಗೆ ಕೂಡಿಹಾಕಿದಂತೆ. ಹಾಗಾಗಿ ಡಬ್ಬಿ ತುಂಬುವ ಕೆಲಸವನ್ನು ಚಳಿಗಾಲದ ಒಣ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಗಂಧಕ ಹೀರುವ ಕಾಗದದ ಪಟ್ಟಿಗಳೂ ಸಿಗುತ್ತವೆ, ಒಂದೆರಡು ಹಾಕಿದರೆ ಒಳ್ಳೆಯದು.

ನುಸಿಗುಳಿಗೆ, ಕರ್ಪೂರ ಆ ಕಪಾಟಿನಲ್ಲಿ ಬೇಡ. ಅಡುಗೆಮನೆ, ಒಣಮೀನು ಇಡುವ ಕೋಣೆ, ಹೊಗೆಯ ಅಟ್ಟ ಬೇಡ. ಸಮುದ್ರದ ಕಡೆಯ ಕಿಟಕಿಯಿಂದ ದೂರ, ಮನೆಯ ಒಳಗೋಡೆಯ ಕಪಾಟು ಆಗಬಹುದು.

ಬ್ಯಾಂಕ್ ಲಾಕರ್?

ಕಳ್ಳರಿಂದ ಕಾಯುತ್ತದೆ, ತೇವದಿಂದ ಅಲ್ಲ. ಅಲ್ಲಿಟ್ಟರೂ ಡಬ್ಬಿ, ಜೆಲ್ ಬೇಕೇ ಬೇಕು.

ಹೊಸ 999 (99.9 ಶೇಕಡಾ ಶುದ್ಧ) ಬೆಳ್ಳಿ ನಾಣ್ಯದಲ್ಲಿ ಬಿಳಿ ಚುಕ್ಕೆಗಳಿವೆ. ಗಾಂಧಿ ಹತ್ತು ರೂಪಾಯಿಯೂ ಮಂಕಾಗಿದೆ.

ಬಿಳಿ ಚುಕ್ಕೆಗಳು ತಯಾರಿಯ ಹಂತದಲ್ಲೇ ಬಂದವು ಎಂದು ಸಂಗ್ರಹಕಾರರು ಹೇಳುತ್ತಾರೆ. ಅಸಿಟೋನ್‌ಗೆ ಅವು ಹೋಗುವುದಿಲ್ಲ. ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ 15 ಗ್ರಾಂ, 80 ಶೇಕಡಾ ಬೆಳ್ಳಿ. ಎಣ್ಣೆಯಿಂದ ಮಂಕಾಗಿದ್ದರೆ ಅಸಿಟೋನ್‌ಗೆ ಹೋಗುತ್ತದೆ. ಹೋಗದಿದ್ದರೆ ಅದು ಟೋನಿಂಗ್, ಹಾಗೇ ಬಿಡಿ.

ತೋಟ ಅಗೆಯುವಾಗ ಗಡಿಗೆಯಲ್ಲಿ ನಾಣ್ಯ ಸಿಕ್ಕರೆ?

ಇದಕ್ಕೆ ಕಾನೂನಿದೆ. ಮಣ್ಣಿನಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆಯೇ ಇದೆ. ತಹಶೀಲ್ದಾರರಿಗೆ ಅಥವಾ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ. ತೊಳೆಯಬೇಡಿ, ಬಿಡಿಸಬೇಡಿ, ಹಂಚಿಕೊಳ್ಳಬೇಡಿ. ಗಡಿಗೆ, ಅಂಟಿದ ಮಣ್ಣು, ನಾಣ್ಯಗಳು ಕೂತಿದ್ದ ರೀತಿ ಎಲ್ಲವೂ ಓದಬಲ್ಲವರಿಗೆ ಮಾಹಿತಿ. ಸಾಧ್ಯವಾದರೆ ಕದಲಿಸುವ ಮೊದಲೇ ಫೋಟೋ ತೆಗೆದಿಡಿ. ಮನೆಯಲ್ಲಿ ತಲೆತಲಾಂತರದಿಂದ ಬಂದ ನಾಣ್ಯಕ್ಕೆ ಈ ಕಾಯ್ದೆ ಅನ್ವಯಿಸದು. ಆದರೆ ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ, 1972ರ ಪ್ರಾಚ್ಯವಸ್ತು ಕಾಯ್ದೆ ಅದನ್ನು ತಡೆಯುತ್ತದೆ. ವಿದೇಶದಲ್ಲಿರುವ ಮಕ್ಕಳಿಗೆ ರಾಣಿ ರೂಪಾಯಿ ಕೊಟ್ಟು ಕಳಿಸುವ ಮೊದಲು ಇದನ್ನು ಗಮನಿಸಿ.